ಬಿಸಿನೀರಿನಲ್ಲಿ ಒಗೆದ ಸ್ವೆಟರ್

"ಗುರುಗಳೇ, ಒಳ್ಳೆಯದಾಗಲೆಂದು ಮಾಡಿದ ಕೆಲಸವೇ ಒಬ್ಬರಿಗೆ ನೋವು ತಂದಿತು. ಅದನ್ನು ಸರಿಮಾಡುವ ದಾರಿಯೂ ಇಲ್ಲ. ಇನ್ನು ಅವರ ಎದುರು ಹೋಗಿ ನಿಲ್ಲುವುದು ಹೇಗೆ?" ಎಂದು ಶಿಷ್ಯ ಗುರುಪಾದ ಕೇಳಿದ.

ಯಾರಿಗೆ, ಏನಾಯಿತು ಎಂದು ಗುರುಗಳು ವಿಚಾರಿಸಲಿಲ್ಲ. ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಚಳಿಯ ಸೀಮೆಯಲ್ಲಿ ಒಬ್ಬ ಹೆಂಗಸಿದ್ದಳು. ಅವಳ ಗಂಡ ಕುರಿ ಕಾಯುವವನು. ಮದುವೆಯಾದ ವರ್ಷ ಅವಳು ಅವನಿಗೊಂದು ಉಣ್ಣೆಯ ಸ್ವೆಟರ್ ಹೆಣೆದುಕೊಟ್ಟಳು. ತೋಳು ಹರಿದಾಗ ತೋಳನ್ನು, ಕೊರಳು ಸಡಿಲವಾದಾಗ ಕೊರಳನ್ನು ಬಿಚ್ಚಿ ಮತ್ತೆ ಹೆಣೆದಳು. ಇಪ್ಪತ್ತೆರಡು ಚಳಿಗಾಲ ಅವನು ಅದನ್ನೇ ತೊಟ್ಟ. ಅವನು ತೀರಿಕೊಂಡ ಮೇಲೆ ಅವಳು ಅದನ್ನು ಒಗೆಯಲಿಲ್ಲ. ಮಡಿಸಿ ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡಳು. ಅದರಲ್ಲಿ ಅವನ ಮೈಯ ವಾಸನೆ ಇತ್ತು.

ಎರಡು ವರ್ಷ ಕಳೆದು ಮಗನಿಗೆ ಮದುವೆಯಾಯಿತು. ಸೊಸೆ ಬಯಲುಸೀಮೆಯವಳು. ಹತ್ತಿಬಟ್ಟೆ ಒಗೆದು ಗೊತ್ತೇ ಹೊರತು ಉಣ್ಣೆ ಒಗೆದು ಗೊತ್ತಿರಲಿಲ್ಲ. ಮಾವನ ತಿಥಿ ಹತ್ತಿರ ಬಂತು. ಅತ್ತೆ ನೆಂಟರನ್ನು ಕರೆಯಲು ಹೋದ ದಿನ ಸೊಸೆಯ ಕಣ್ಣಿಗೆ ಆ ಸ್ವೆಟರ್ ಬಿತ್ತು. ಕಲೆಯಾಗಿತ್ತು. ಶುಭ್ರ ಮಾಡಿಟ್ಟರೆ ಅತ್ತೆಗೆ ಸಂತೋಷವಾದೀತು ಎಂದುಕೊಂಡಳು. ಕುದಿಯುವ ನೀರಿನಲ್ಲಿ ಅದ್ದಿ, ಸೋಪು ಹಚ್ಚಿ, ಚೆನ್ನಾಗಿ ತಿಕ್ಕಿ, ತಣ್ಣೀರಿನಲ್ಲಿ ಜಾಲಿಸಿದಳು. ಎತ್ತಿ ನೋಡಿದರೆ ಅದು ಎಂಟು ವರ್ಷದ ಮಗುವಿನ ಅಂಗಿಯಷ್ಟಾಗಿತ್ತು. ಕಂಬಳಿಗಿಂತ ದಪ್ಪವಾಗಿತ್ತು.

ಹಿಡಿದು ಎಳೆದಳು. ಹಿಗ್ಗಲಿಲ್ಲ. ಬಿಚ್ಚಿ ಹೊಸದಾಗಿ ಹೆಣೆಯೋಣವೆಂದು ನೂಲಿನ ತುದಿ ಹುಡುಕಿದಳು. ನೂಲಿಗೆ ನೂಲು ಅಂಟಿಕೊಂಡು ಹೆಣಿಗೆಯ ಗುರುತೇ ಉಳಿದಿರಲಿಲ್ಲ.

ಅತ್ತೆ ಮನೆಗೆ ಬಂದಾಗ ಸೊಸೆ ಅದನ್ನು ಮುಂದಿಟ್ಟು, "ನಾನು ಹಾಳು ಮಾಡಿಬಿಟ್ಟೆ, ಅತ್ತೆ" ಎಂದಳು. ಅತ್ತೆ ಅದನ್ನು ಮೂಗಿಗೆ ಹಿಡಿದಳು. ಸೋಪಿನ ವಾಸನೆ ಮಾತ್ರ ಬಂತು. ಅವಳು ಬೈಯಲಿಲ್ಲ. ಆದರೆ ಹದಿನೈದು ದಿನ ಸೊಸೆಯೊಡನೆ ಮಾತನ್ನೂ ಆಡಲಿಲ್ಲ.

ಸೊಸೆ ತವರಿಗೆ ಹೋಗಲಿಲ್ಲ. ಅತ್ತೆ ಕೂತಲ್ಲಿಗೇ ಊಟ ತಂದಿಟ್ಟಳು. ಉತ್ತರ ಬಾರದಿದ್ದರೂ ದಿನವೂ ಮಾತಾಡಿಸಿದಳು.

ಒಂದು ಬೆಳಗ್ಗೆ ಸೊಸೆ ನೀರು ಹೊತ್ತು ಒಳಗೆ ಬಂದಳು. ಅವಳು ನಡೆದಲ್ಲೆಲ್ಲ ನೆಲದ ಮೇಲೆ ರಕ್ತದ ಗುರುತು ಬಿದ್ದಿತ್ತು. ಚಳಿಗೆ ಹಿಮ್ಮಡಿ ಬಿರಿದು ಸೀಳಿತ್ತು. ಯಾರಿಗೂ ಹೇಳಿರಲಿಲ್ಲ.

ಅತ್ತೆ ಎದ್ದು ಹೋಗಿ ಸ್ವೆಟರ್ ತಂದು ಕತ್ತರಿ ಹಾಕಿದಳು. ಸೊಸೆ ಬೆಚ್ಚಿ ಕೈ ಅಡ್ಡ ಹಿಡಿದಳು. ಕತ್ತರಿಸಿದ ಅಂಚಿನಿಂದ ಒಂದು ಎಳೆಯೂ ಬಿಟ್ಟುಕೊಳ್ಳಲಿಲ್ಲ. ಅತ್ತೆ ಸೊಸೆಯ ಪಾದದ ಅಳತೆ ತೆಗೆದು, ಮನೆಯೊಳಗೆ ಹಾಕಿಕೊಳ್ಳುವಂಥ ಮೆತ್ತನೆಯ ಜೋಡು ಹೊಲಿದಳು.

"ಕಾಲು ಕೊಡು" ಎಂದಳು.

"ಮಾವನವರು ಮೈಮೇಲೆ ತೊಟ್ಟದ್ದು. ಕಾಲಿಗೆ ಹೇಗೆ ಹಾಕಿಕೊಳ್ಳಲಿ, ಅತ್ತೆ?"

"ಅವರಿದ್ದಿದ್ದರೆ ನಿನ್ನ ಕಾಲು ಹೀಗಾಗಲು ಬಿಡುತ್ತಿದ್ದರೇ?"

ತಾನೇ ಬಾಗಿ ತೊಡಿಸಿದಳು. ಆಮೇಲೆ ನೀರು ಎಷ್ಟು ಬಿಸಿಯಿತ್ತು, ಎಷ್ಟು ಹೊತ್ತು ತಿಕ್ಕಿದೆ ಎಂದು ಕೇಳಿದಳು. ಸೊಸೆ ತಡವರಿಸುತ್ತ ಹೇಳಿದಳು. ಮರುದಿನ ಅತ್ತೆ, ಬೇಕೆಂದೇ ಕುಗ್ಗಿಸಿದರೆ ದಪ್ಪಗೆ ಬೆಚ್ಚಗಾದೀತೆಂದು, ದಪ್ಪ ಕಡ್ಡಿ ಹಿಡಿದು, ತಲೆಗಿಂತ ಬಹಳ ದೊಡ್ಡದಾಗಿ, ಸಡಿಲವಾಗಿ ಒಂದು ಟೋಪಿ ಹೆಣೆದಳು. ಇಬ್ಬರೂ ಒಂದೇ ಬೋಗುಣಿಯಲ್ಲಿ ಕೈಯಿಟ್ಟು ಬಿಸಿನೀರಿನಲ್ಲಿ ತಿಕ್ಕಿದರು. ಅದು ತೀರಾ ಕುಗ್ಗಿ ಯಾರ ತಲೆಗೂ ಆಗಲಿಲ್ಲ. ಇಬ್ಬರಿಗೂ ನಗು ಬಂತು. ಎರಡನೆಯದನ್ನು ತಿಕ್ಕುವಾಗ ನಡುನಡುವೆ ಎತ್ತಿ ಅಳತೆ ನೋಡಿದರು. ಅದು ಸರಿಯಾಗಿ ಬಂತು. ಆ ಚಳಿಗಾಲ ಸುತ್ತಲಿನ ಕುರಿ ಕಾಯುವವರೆಲ್ಲ ಅವರು ಮಾಡಿದ ಟೋಪಿ ಹಾಕಿಕೊಂಡೇ ಬೆಟ್ಟ ಹತ್ತಿದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಗುರುಪಾದ, "ಹಾಗಾದರೆ ಅತ್ತೆ ಆ ಸ್ವೆಟರಿನ ದುಃಖವನ್ನು ಮರೆತಳೇ?" ಎಂದು ಕೇಳಿದ.

"ಮರೆಯಲಿಲ್ಲ, ಮಗು, ಅಳು ಬಂದಾಗಲೆಲ್ಲ ಆ ಸೊಸೆಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಅತ್ತಳು."