ಎಮ್ಮೆ ಹಿಂಡಿ ನೋಡಿದವನು ಕಾರು ಓಡಿಸಿ ನೋಡಲಿಲ್ಲ

ಮುಧೋಳದ ಹತ್ತಿರದ ಒಂದು ಊರಿನಲ್ಲಿ ದುಂಡಪ್ಪ ಅಂತ ಒಬ್ಬ ಎಮ್ಮೆ ವ್ಯಾಪಾರಿ ಇದ್ದ. ಎಮ್ಮೆ ವಿಷಯದಲ್ಲಿ ಅವನ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿರಲಿಲ್ಲ. ಮಾರುವವರು ಹಿಂದಿನ ಹೊತ್ತು ಹಾಲು ಹಿಂಡದೆ ಕೆಚ್ಚಲು ಉಬ್ಬಿಸಿಕೊಂಡು ಸಂತೆಗೆ ತಂದು, "ಹೊತ್ತಿಗೆ ಎಂಟು ಲೀಟರ್ ರೀ!" ಅಂತ ಗಂಟಲು ಹರಿದುಕೊಂಡರೆ ದುಂಡಪ್ಪ ನಗುತ್ತಿದ್ದ. "ಬಾಯಾಗಿನ ಹಾಲು ಬ್ಯಾಡೋ ತಮ್ಮಾ, ಚರಗ್ಯಾಗಿನ ಹಾಲು ತೋರಸು" ಅನ್ನುತ್ತಿದ್ದ. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ತಾನೇ ಚರಗಿ ಹಿಡಿದು ಕೂತು ಹಿಂಡಿ ನೋಡದೆ ಒಂದು ಎಮ್ಮೆಯನ್ನೂ ಕೊಂಡವನಲ್ಲ.

ಇಂಥ ಶಾಣ್ಯಾನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಪಕ್ಕದ ಮನೆಯ ಗುರುಪಾದ ಕರೆಂಟಿನ ಕಾರು ತಂದ ದಿನ. ಓಣಿಯ ಮಂದಿಯೆಲ್ಲ ಬಂದು ಮುಟ್ಟಿ ಮುಟ್ಟಿ ನೋಡಿದರು. ದುಂಡಪ್ಪನ ಹೆಂಡತಿಯೂ ಅದರಲ್ಲಿ ಒಂದು ಸುತ್ತು ಹೋಗಿ ಬಂದು, "ಸಪ್ಪಳನ ಇಲ್ಲರಿ, ತೊಟ್ಟಿಲದಾಗ ಕುಂತಂಗ ಆಗತೈತಿ" ಅಂದಳು. ಅವತ್ತು ದುಂಡಪ್ಪ ರೊಟ್ಟಿಯ ತಾಟು ಅರ್ಧಕ್ಕೇ ಸರಿಸಿ ಎದ್ದ. ನಿನ್ನೆ ಮೊನ್ನೆ ಸೈಕಲ್ ತುಳಿಯುತ್ತಿದ್ದವನು ಈ ಗುರುಪಾದ! ಅವನಿಗೇನು ಕಾರು? ಗೋಡೆಯಾಚೆ ಕಾರಿನ ಬಾಗಿಲು ಹಾಕಿದ ಸದ್ದಾದರೆ ಸಾಕು, ಇವನ ಎದೆಯಲ್ಲಿ ಒಲೆ ಹೊತ್ತಿಕೊಳ್ಳುತ್ತಿತ್ತು.

ಗುರುಪಾದನ ಕಾರು ಒಂದು ಸಲ ಚಾರ್ಜ್ ಮಾಡಿದರೆ ಮುನ್ನೂರು ಕಿಲೋಮೀಟರ್ ಓಡುತ್ತದೆ ಅಂತ ಕಂಪನಿಯವರು ಬರೆದಿದ್ದರು. ಪೇಟೆಯಲ್ಲಿ ಇನ್ನೊಂದು ಕಂಪನಿಯ ಅಂಗಡಿ ಇತ್ತು. ಅದರ ಬೋರ್ಡಿನ ಮೇಲೆ 'ನಾನೂರು' ಅಂತ ಆಳೆತ್ತರದ ಅಕ್ಷರ. ಕೆಳಗೆ ಇರುವೆ ಸಾಲಿನ ಹಾಗೆ, ಒಬ್ಬನೇ ಕೂತು, ಎಸಿ ಹಾಕದೆ, ನಿಧಾನಕ್ಕೆ ಓಡಿಸಿದರೆ ಮಾತ್ರ ಅಂತಲೂ ಇತ್ತು. ದುಂಡಪ್ಪ ಅದನ್ನು ಓದಲಿಲ್ಲ. ಅವನು ಕೇಳಿದ್ದು ಒಂದೇ ಮಾತು.

"ಗುರುಪಾದನ ಕಾರಿಗಿಂತ ಹೆಚ್ಚು ಓಡತೈತೇನು?"

"ನೂರು ಕಿಲೋಮೀಟರ್ ಹೆಚ್ಚಿಗಿ ರೀ ಯಜಮಾನ್ರ" ಅಂದ ಮಾರುವವನು. "ಓಡಿಸಿ ನೋಡ್ತೀರೇನ್ರಿ?"

"ಏನ್ ನೋಡೂದು, ಬರದೈತಲ್ಲ!" ಅಂದ ದುಂಡಪ್ಪ. ಮರುವಾರವೇ ಕಾರು ಮನೆಗೆ ಬಂತು.

ಆ ತಿಂಗಳು ಅವನ ಮಗಳು ಶಿವಲೀಲಾಗೆ ಸುಮಾರು ಇನ್ನೂರೈವತ್ತು ಕಿಲೋಮೀಟರ್ ದೂರದ ಕಲಬುರಗಿಯಲ್ಲಿ ಸರ್ಕಾರಿ ನರ್ಸ್ ಕೆಲಸದ ಪರೀಕ್ಷೆ ಇತ್ತು. ಮೂರು ವರ್ಷ ಅದಕ್ಕಾಗಿ ಓದಿದ್ದಳು. ಈ ಸಲ ತಪ್ಪಿದರೆ ಮತ್ತೆ ಯಾವಾಗ ಕರೆಯುತ್ತಾರೋ ದೇವರಿಗೇ ಗೊತ್ತು. ಹತ್ತು ಗಂಟೆಗೆ ಸರಿಯಾಗಿ ಗೇಟು ಹಾಕುತ್ತಾರೆ. "ಹಿಂದಿನ ದಿನನ ಬಸ್ಸಿಗೆ ಹೋಗ್ತೀನಪ್ಪಾ" ಅಂದಳು. "ಮನ್ಯಾಗ ನಾನೂರರ ಕಾರು ಇಟ್ಕೊಂಡು ಬಸ್ಸಂತ ಬಸ್ಸು!" ಅಂತ ಅಪ್ಪ ಗದರಿದ.

ಇದು ಗುರುಪಾದನ ಕಿವಿಗೆ ಬಿತ್ತು. ಗೋಡೆಯ ಮೇಲಿಂದ ಇಣುಕಿ ಹೇಳಿದ: "ದುಂಡಣ್ಣಾ, ನಂದು ಮುನ್ನೂರು ಓಡತೈತಿ ಅಂತ ಬರದಾರ. ನಾನು ಐದು ಮಂದಿ ಕುಂದ್ರಿಸಿ, ಎಸಿ ಹಚ್ಚಿ ಓಡಿಸಿ ನೋಡೀನಿ. ನೂರಾ ಎಂಬತ್ತಕ್ಕ ಕೈ ಎತ್ತಿಬಿಡ್ತು. ನೀ ವಿಜಯಪುರದಾಗ ಒಂದ್ ತಾಸು ಚಾರ್ಜ್ ಮಾಡ್ಕೊಂಡು ಮುಂದ ಹೋಗು."

'ನಂದು ನಾನೂರು ಓಡೂದು ಕಂಡು ಇವಂಗ ಹೊಟ್ಟಿಕಿಚ್ಚು' ಅಂದುಕೊಂಡ ದುಂಡಪ್ಪ. ನೋಡಿ ಹೇಗಿದೆ! ಕಾಮಾಲೆ ಕಣ್ಣಿಗೆ ಜಗವೆಲ್ಲ ಹಳದಿ.

ಪರೀಕ್ಷೆಯ ದಿನ ಕೋಳಿ ಕೂಗುವ ಮುಂಚೆಯೇ ಹೊರಟರು. ಓಣಿಯವರು ನೋಡಲಿ ಅಂತ ದುಂಡಪ್ಪ ಕಾರು ತುಂಬಿಸಿದ್ದ. ಮಗಳ ಜೊತೆ ಹೆಂಡತಿ, ತಾಯಿ, ಹೆಂಡತಿಯ ಅಣ್ಣ. ಎಸಿಯೂ ಜೋರಾಗಿತ್ತು. ವಿಜಯಪುರ ಬರುವಷ್ಟರಲ್ಲಿ ಅರ್ಧ ಚಾರ್ಜ್ ಇಳಿದಿತ್ತು. ರಸ್ತೆಯ ಪಕ್ಕದಲ್ಲೇ ಚಾರ್ಜ್ ಮಾಡುವ ಜಾಗವೂ ಕಂಡಿತು.

"ಅಪ್ಪಾ, ನಿಂದ್ರಸು" ಅಂದಳು ಶಿವಲೀಲಾ.

ದುಂಡಪ್ಪನ ಕಾಲು ಬ್ರೇಕಿನ ಮೇಲೆ ಹೋಯಿತು. ಆದರೆ ಇಲ್ಲಿ ನಿಂತರೆ ಗುರುಪಾದನ ಮಾತು ಗೆದ್ದಂತಾಗುತ್ತದಲ್ಲ! ಹಿಂದೆ ಕೂತ ಭಾವ ಊರಿಗೆ ಹೋಗಿ ಹೇಳದೆ ಬಿಡುತ್ತಾನೆಯೇ? ಬ್ರೇಕಿನಿಂದ ಕಾಲು ತೆಗೆದ. "ನಾನೂರು ಅಂತ ಬರದೈತವ್ವಾ" ಅಂದವನೇ ಮುಂದೆ ಓಡಿಸಿದ.

ಜೇವರ್ಗಿ ಇನ್ನೂ ಹತ್ತು ಕಿಲೋಮೀಟರ್ ಇರುವಾಗ ಚಾರ್ಜ್ ಮುಗಿದು ಕಾರು ನಿಂತಿತು. ಸುತ್ತ ಬಯಲು, ಬಿಸಿಲು ಏರುತ್ತಿತ್ತು. ಉಳಿದವರನ್ನು ಕಾರಿನ ಹತ್ತಿರವೇ ಬಿಟ್ಟು ಅಪ್ಪ ಮಗಳು ಬಂದ ಲಾರಿಗೆಲ್ಲ ಕೈ ಮಾಡಿದರು. ಕೊನೆಗೆ ಒಂದು ಟಂಟಂ ಆಟೋ ಸಿಕ್ಕಿತು, ಆಮೇಲೆ ಒಂದು ಬಸ್ಸು. ಪರೀಕ್ಷೆಯ ಗೇಟಿನ ಮುಂದೆ ಓಡಿ ಬಂದು ನಿಂತಾಗ ಹತ್ತೂ ಕಾಲು. ಸಂತೆಯಲ್ಲಿ ಯಾರಿಗೂ ತಲೆ ಬಾಗದ ದುಂಡಪ್ಪ ಕಾವಲುಗಾರನ ಕಾಲಿಗೆ ಬಿದ್ದ. ಅವನು "ನನ್ನ ಕೈಯಾಗ ಏನೂ ಇಲ್ರಿ ಹಿರಿಯಾರ" ಅಂತ ಎಬ್ಬಿಸಿದನೇ ಹೊರತು ಗೇಟು ತೆಗೆಯಲಿಲ್ಲ.

ಶಿವಲೀಲಾ ಹಾಲ್ ಟಿಕೆಟ್ ಮಡಚಿ ಚೀಲದಲ್ಲಿ ಇಟ್ಟಳು. ಅಪ್ಪನ ಕಡೆ ತಿರುಗಿ ಕೇಳಿದಳು: "ಅಪ್ಪಾ, ಎಮ್ಮಿ ಕೊಳ್ಳಬೇಕಾದ್ರ ಎರಡು ಹೊತ್ತು ಹಿಂಡಿ ನೋಡ್ತಿ. ಇದನ್ನ ಯಾಕ ನೋಡ್ಲಿಲ್ಲ?"

ದುಂಡಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮಗಳ ಮುಖ ನೋಡಲು ಅವನಿಗೆ ಆಗಲಿಲ್ಲ.

"ಗುರುಪಾದನ ಕಾರಿಗಿಂತ ಹೆಚ್ಚು ಅಂತ ಬರದಿತ್ತವ್ವಾ" ಅಂದ.

ನೀತಿ: ಜಾಹೀರಾತಿನ ದೊಡ್ಡ ಅಂಕಿ ಎಂದರೆ ಉಬ್ಬಿಸಿ ತಂದ ಕೆಚ್ಚಲು; ಹಿಂಡಿ ನೋಡಿದ ಮೇಲೆಯೇ ನಂಬಬೇಕು. ಪಕ್ಕದ ಮನೆಯವನನ್ನು ಮೀರಿಸಬೇಕೆಂದು ಕೊಳ್ಳಲು ಹೋದವನು ಹಿಂಡುವುದನ್ನೇ ಮರೆಯುತ್ತಾನೆ.