ಗೆದ್ದಲಿನ ದೂರು

ನಗರದ ಓಣಿಯೊಂದರಲ್ಲಿ ಹಳೆಯ ಮನೆ ಮಾರಾಟಕ್ಕಿತ್ತು. ಮೊಟ್ಟೆಯಿಡುವ ದಿನ ಹತ್ತಿರವಾದ ಗುಬ್ಬಿ ದಂಪತಿ ನೋಡಲು ಬಂದರು.

"ಗೋಡೆಗೆ ಹೊಸ ಬಣ್ಣ ಬಳಿದಿದೆ, ನೋಡಿ ಸ್ವಾಮಿ!" ಎಂದಿತು ದಲ್ಲಾಳಿ ಕಾಗೆ.

"ಬಣ್ಣ ಸೂರನ್ನು ಹೊರುವುದಿಲ್ಲವಲ್ಲ," ಎನ್ನುತ್ತಾ ಹೆಣ್ಣುಗುಬ್ಬಿ ತೊಲೆಯ ಬಳಿಗೆ ಹಾರಿತು. ಅಲ್ಲೊಂದು ಗೆದ್ದಲು ಗಂಟುಮೂಟೆ ಕಟ್ಟುತ್ತಿತ್ತು.

"ಯಾಕಪ್ಪಾ, ಹೊರಟೆ?"

"ಈ ಮನೆ ಮಾತ್ರ ಬೇಡ ತಾಯಿ! ಅಜ್ಜನ ಕಾಲದಿಂದ ಈ ತೊಲೆ ಕಡಿಯುತ್ತಿದ್ದೇವೆ. ಹಲ್ಲು ಸವೆದದ್ದೇ ಬಂತು, ಒಂದು ತುತ್ತೂ ಸಿಗಲಿಲ್ಲ. ಇಂಥ ದರಿದ್ರ ಮನೆಯನ್ನು ಯಾರಾದರೂ ಕೊಳ್ಳುತ್ತಾರೆಯೇ?"

ಗಂಡುಗುಬ್ಬಿ ಬೆದರಿತು. "ನಡಿ, ಬೇರೆ ಕಡೆ ನೋಡೋಣ."

"ಗೆದ್ದಲನ್ನೇ ಉಪವಾಸ ಕೆಡವಿದ ತೊಲೆ ಇದು," ಎಂದು ಹೆಣ್ಣುಗುಬ್ಬಿ ಅದರ ಮೇಲೆಯೇ ರೆಕ್ಕೆ ಮಡಿಸಿ ಕೂತಿತು. "ನೀವು ಹೋಗಿ ಹುಲ್ಲು ತನ್ನಿ."