ತುಂಬೆ ಗಿಡ ಪ್ರತಿ ವರ್ಷ ಒಣಗುವುದೇಕೆ

ಭೂಮಿ ಆಗಿನ್ನೂ ಹೊಸದು. ಬೆಟ್ಟಗಳ ಮೈ ಬೆಚ್ಚಗಿತ್ತು, ಹೊಳೆಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಆ ಕಾಲದಲ್ಲಿ ಇಡೀ ಲೋಕಕ್ಕೆ ಇದ್ದದ್ದು ಒಂದೇ ತುಂಬೆ ಗಿಡ. ಅದು ಒಣಗುತ್ತಿರಲಿಲ್ಲ, ಬೀಜ ಬಿಡುತ್ತಲೂ ಇರಲಿಲ್ಲ. ಕಲ್ಲುಗುಡ್ಡದ ಮೇಲೆ ಮೊಣಕಾಲೆತ್ತರಕ್ಕೆ, ಸದಾಕಾಲ ಬಿಳಿ ಹೂ ಹೊತ್ತು ನಿಂತಿರುತ್ತಿತ್ತು.

ಗುಡ್ಡದ ಕೆಳಗಿನ ಹಟ್ಟಿಯಲ್ಲಿ ತಿಪ್ಪಕ್ಕ ಎಂಬ ಹೆಂಗಸು ಇದ್ದಳು. ಅವಳಿಗೆ ಒಬ್ಬಳೇ ಮಗಳು, ಸಿರಿಯವ್ವ. ಬೆಳಗಾದರೆ ಸಾಕು, ಸಿರಿಯವ್ವ ಗುಡ್ಡಕ್ಕೆ ಓಡುವಳು. ತುಂಬೆಯ ಒಂದೊಂದೇ ಹೂ ಬಿಡಿಸಿ, ಬುಡವನ್ನು ತುಟಿಗಿಟ್ಟು ಜೇನು ಹೀರುವಳು. ತುಂಬೆಗೆ ಕಚಗುಳಿ ಇಟ್ಟ ಹಾಗಾಗುತ್ತಿತ್ತು.

ಒಂದು ಮಳೆಗಾಲ ಮಗುವಿಗೆ ಜ್ವರ ಬಂತು. ಬಂದ ಜ್ವರ ಬಿಡಲಿಲ್ಲ. ತಿಪ್ಪಕ್ಕ ಮಗಳನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದಳು. ಆಮೇಲೆ ಅವಳು ಒಲೆ ಹಚ್ಚಲಿಲ್ಲ, ತಲೆ ಬಾಚಲಿಲ್ಲ. ಬದುವಿನ ಮೇಲೆಯೇ ಕೂತಿರುತ್ತಿದ್ದಳು.

ಗಾಳಿ ಮೆಲ್ಲಗೆ ಬಂತು. "ತಿಪ್ಪಕ್ಕಾ, ಗುಡ್ಡದ ತುಂಬೆ ನಿನ್ನ ಮಗಳನ್ನ ಕೇಳ್ತೈತೆ. ನನಗೆ ಹೇಳೋಕೆ ಬಾಯಿ ಬರಲಿಲ್ಲ. ನೀನೇ ಹೋಗಿ ಹೇಳು."

ತಿಪ್ಪಕ್ಕ ಕಾಲೆಳೆದುಕೊಂಡು ಗುಡ್ಡ ಹತ್ತಿದಳು.

"ಅವ್ವಾ, ಸಿರಿಯವ್ವ ಎಲ್ಲಿ? ನನ್ನ ಜೇನು ಹಂಗೇ ಉಳಿದೈತೆ," ಎಂದಿತು ತುಂಬೆ.

"ಇನ್ನು ಬರಾಕಿಲ್ಲ ತಾಯಿ. ಮಣ್ಣಾಗೆ ಮಲಗವಳೆ."

ತುಂಬೆ ಗುಡ್ಡದ ಕೆಳಗಿನ ಬದುವಿನ ಕಡೆ ಹೂ ಬಾಗಿಸಿತು. ಆಮೇಲೆ ಹೇಳಿತು, "ಹಂಗಾದ್ರೆ ಅವಳ ಹತ್ರ ನಾನೇ ಬರ್ತೀನಿ."

"ನಿನಗೆ ಕಾಲೆಲ್ಲೈತೆ?"

"ಕಾಲಿಲ್ಲ. ನನ್ನ ಜೀವಾನ ಕಾಳು ಮಾಡಿ ಕೊಡಬಲ್ಲೆ. ಕೊಟ್ಟರೆ ನಾನು ಉಳಿಯಾಕಿಲ್ಲ."

ತಿಪ್ಪಕ್ಕ ಹಿಂದೆ ಸರಿದಳು. "ಬ್ಯಾಡ! ಇನ್ನೊಂದು ಸಾವು ನೋಡೋ ಶಕ್ತಿ ನನಗಿಲ್ಲ."

"ಕುಡಿಯೋರಿಲ್ಲದ ಜೇನು ಹೊತ್ಕೊಂಡು ಸುಮ್ಮನೆ ನಿಂತು ಏನು ಮಾಡಲಿ ಅವ್ವಾ? ಸೆರಗು ಹಿಡಿ."

ಹೂಗಳು ಉದುರಿದವು. ಎಲೆ ಹಳದಿಯಾಯಿತು, ಕಡ್ಡಿ ಕಂದು ಬಣ್ಣಕ್ಕೆ ತಿರುಗಿತು. ತಿಪ್ಪಕ್ಕ ಒಣಗಿದ ಗುಂಡನೆಯ ತೆನೆಗಳನ್ನು ಅಲುಗಿಸಿದಳು. ಪುಟ್ಟ ಪುಟ್ಟ ಕಂದು ಕಾಳುಗಳು ಅವಳ ಸೆರಗಿಗೆ ಬಿದ್ದವು. ಗುಡ್ಡದ ಮೇಲೆ ಮತ್ತೆ ಮಾತಿಲ್ಲ.

ಕಾಳಿನಲ್ಲಿ ಅರ್ಧವನ್ನು ಮನೆಯಲ್ಲಿಟ್ಟು, ಇನ್ನರ್ಧವನ್ನು ಅವಳು ಬದುವಿಗೆ ತಂದಳು. ಗಾಳಿ ಹಾರಿಸೀತು ಎಂದು ಹೆದರಿ ಮೊಳಕೈ ಆಳಕ್ಕೆ ಅಗೆದು ಹಾಕಿದಳು, ಮೇಲೆ ಮಣ್ಣು ತುಳಿದಳು. ಮಳೆ ಬಂತು, ಹುಲ್ಲು ಬಂತು. ತುಂಬೆ ಬರಲಿಲ್ಲ.

ತಿಪ್ಪಕ್ಕ ನೆಲಕ್ಕೆ ಹಣೆ ಹಚ್ಚಿ ಅತ್ತಳು. "ಅದನ್ನೂ ನುಂಗಿದೆಯಾ?"

ಭೂಮಿ ಮೆತ್ತಗೆ ಹೇಳಿತು, "ಆಳಕ್ಕೆ ಕೊಟ್ಟಿದ್ದನ್ನ ನಾನು ಮಲಗಿಸ್ತೀನಿ ಮಗಳೇ. ನಿನ್ನ ಕೂಸನ್ನೂ ಹಂಗೇ ಮಲಗಿಸೀನಿ. ಏಳಬೇಕಾದ್ದನ್ನ ಯಾಕೆ ಹೂಳ್ತೀಯ? ನನ್ನ ಮೈಮೇಲೆ ಬಿಡು. ಅದು ಬೆಳಕು ಕಾಣಲಿ."

ಮುಂದಿನ ಮುಂಗಾರಿಗೆ ತಿಪ್ಪಕ್ಕ ಬದುವಿನ ಮಣ್ಣನ್ನು ಬೆರಳಿನಿಂದ ಕೆರೆದು ಸಡಿಲ ಮಾಡಿದಳು. ಉಳಿದ ಕಾಳನ್ನು ಮೇಲೆಯೇ ಚೆಲ್ಲಿ, ಮಗುವಿನ ಬೆನ್ನು ತಟ್ಟಿದ ಹಾಗೆ ಅಂಗೈಯಿಂದ ತಟ್ಟಿದಳು.

ಮಳೆ ಬಿತ್ತು. ಬದುವಿನ ತುಂಬ ಹಸಿರೆದ್ದಿತು. ಎಲ್ಲವೂ ಕಳೆಯೇ ಎಂದುಕೊಂಡು ತಿಪ್ಪಕ್ಕ ಕೀಳತೊಡಗಿದಳು. ಆಗ ಇರುವೆಯೊಂದು ಅವಳ ಬೆರಳು ಹತ್ತಿತು.

"ತಡಿಯವ್ವಾ! ಕೀಳೋಕೆ ಮುಂಚೆ ಕಡ್ಡಿ ಮುಟ್ಟಿ ನೋಡು."

ತಿಪ್ಪಕ್ಕ ಕಡ್ಡಿಯನ್ನು ಬೆರಳ ನಡುವೆ ಹೊರಳಿಸಿದಳು. ಅದು ದುಂಡಗಿರಲಿಲ್ಲ, ಚೌಕವಾಗಿತ್ತು. ಉದ್ದನೆಯ ಸಣ್ಣ ಎಲೆಗಳು ಎದುರು ಬದುರು ಜೋಡಿಯಾಗಿ ನಿಂತಿದ್ದವು. ಒಂದನ್ನು ಹೊಸಕಿ ಮೂಗಿಗೆ ಹಿಡಿದಳು. ಘಾಟು ವಾಸನೆ. ಮಗಳ ಬೆರಳಲ್ಲಿ ದಿನವೂ ಬರುತ್ತಿದ್ದ ವಾಸನೆ. ಅವಳು ಗಿಡ ಕಿತ್ತ ಕೈಯನ್ನು ಎದೆಗೊತ್ತಿಕೊಂಡು ಅಲ್ಲೇ ಕೂತಳು. ಉಳಿದದ್ದರಲ್ಲಿ ಒಂದನ್ನೂ ಕೀಳಲಿಲ್ಲ.

ಗಿಡಗಳು ಬೆಳೆದವು. ಕಡ್ಡಿಯ ಸುತ್ತ ಹಸಿರು ಚೆಂಡು ಕಟ್ಟಿತು, ಚೆಂಡಿನ ತುಂಬ ಬಿಳಿ ಹೂ ನಾಲಗೆ ಚಾಚಿತು. ದುಂಬಿಗಳು ಬಂದವು. ಹಟ್ಟಿಯ ಮಕ್ಕಳೂ ಬಂದರು. ಆದರೆ ಮಣ್ಣು ಮಾಡಿದ ಜಾಗವೆಂದು ದೂರ ನಿಂತರು.

ತಿಪ್ಪಕ್ಕ ತಾನೇ ಒಂದು ಹೂ ಬಿಡಿಸಿ ಹೀರಿದಳು. ಕಣ್ಣು ಒರೆಸಿಕೊಂಡು ಮಕ್ಕಳನ್ನು ಕರೆದಳು. "ಬರ್ರಪ್ಪಾ, ಕುಡೀರಿ. ಬಾಡೋಕೆ ಮುಂಚೆ ಕುಡೀರಿ."

ಅವತ್ತು ಸಂಜೆ ಅವಳ ಮನೆಯಲ್ಲಿ ಒಲೆ ಉರಿಯಿತು.

ಮಳೆ ಹಿಂದಾಯಿತು, ಗಿಡಗಳು ಒಣಗಿದವು. ತಿಪ್ಪಕ್ಕನಿಗೆ ಸಂಕಟವಾಗದೆ ಇರಲಿಲ್ಲ. ಆದರೂ ಒಂದೊಂದೇ ತೆನೆ ಅಲುಗಿಸಿ ಕಾಳನ್ನು ನೆಲಕ್ಕೆ ಬಿಟ್ಟಳು. ಒಂದಿಷ್ಟನ್ನು ಗಾಳಿ ಕೇಳಿ ಪಡೆದು ಊರೂರ ದಾರಿಗೆ ಚೆಲ್ಲಿತು.

ಅದಕ್ಕೇ ನೋಡು, ಇವತ್ತಿಗೂ ಮಳೆ ಬಿದ್ದ ಮೇಲೆ ಯಾರೂ ಬಿತ್ತದ ಬದುಗಳಲ್ಲಿ, ದಾರಿಯ ಪಕ್ಕದಲ್ಲಿ ತುಂಬೆ ತಾನಾಗಿ ಏಳುತ್ತದೆ. ಮಕ್ಕಳಿಗೆ ಜೇನು ಕೊಟ್ಟು, ಮಣ್ಣಿಗೆ ಕಾಳು ಕೊಟ್ಟು, ನಿಂತಲ್ಲೇ ಒಣಗುತ್ತದೆ.